ಗೋಡೆ ಹಾರಿದ ಚಿಗಟ

"ಮಿಸ್, ನಿಮ್ಮ ಸೀರೆಯಿಂದ ಏನೋ ಎಗರ್ತು!"

ಹೀಗೆಂದು ಕೂಗಿದ್ದು ಮುಂದಿನ ಬೆಂಚಿನ ಹುಡುಗಿ. ಶಿರಾದ ಪಿಯು ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅವತ್ತಿನ ಪಾಠ ಯಾವುದು ಅಂತೀರಿ? ಕೀಟಗಳು! ಮೊಟ್ಟೆ, ಲಾರ್ವಾ, ಪ್ಯೂಪಾ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿಕೊಂಡು ಬರೆಯುತ್ತಾ ಹೊರಟಿದ್ದೆ. ಕೊನೆಯ ಬಾಣದ ಮುಂದೆ 'ಪ್ರೌಢ ಕೀಟ' ಎಂದು ಬರೆಯಬೇಕು, ಅಷ್ಟರಲ್ಲಿ ಪ್ರೌಢ ಕೀಟವೇ ಖುದ್ದಾಗಿ ನನ್ನ ನೆರಿಗೆಯಿಂದ ನೆಗೆದು ಮೇಜಿನ ಮೇಲೆ ಇಳಿಯಿತು.

ಸಾಸಿವೆಗಿಂತ ಚಿಕ್ಕದು. ಕಂದು ಬಣ್ಣ. ಎರಡೂ ಪಕ್ಕ ಅದುಮಿದಂಥ ಮೈ. ರೆಕ್ಕೆ ಇಲ್ಲ. ಹಿಂಗಾಲು ಮಾತ್ರ ಸ್ಪ್ರಿಂಗ್. (ಮಾನ ಹೋಗುವ ಹೊತ್ತಿನಲ್ಲೂ ಲಕ್ಷಣ ಗುರುತಿಸುವ ಚಟ ಹೋಗುವುದಿಲ್ಲ ನೋಡಿ.)

ಚಿಗಟ.

"ಏನಿಲ್ಲಮ್ಮ, ಎಳ್ಳು ಇರ್ಬೇಕು," ಎಂದೆ.

"ಎಳ್ಳು ಎಗರುತ್ತಾ ಮಿಸ್?"

ಇಡೀ ಕ್ಲಾಸ್ ನಕ್ಕಿತು. ಪುಣ್ಯಕ್ಕೆ ಬೆಲ್ ಹೊಡೆಯಿತು. ಸೀರೆ ಕೊಡವಿಕೊಂಡು ಸ್ಟಾಫ್‌ರೂಮಿಗೆ ಹೋದವಳು ಆವತ್ತೆಲ್ಲ ಯಾರ ಪಕ್ಕದಲ್ಲೂ ಕೂರಲಿಲ್ಲ. ಕಿಟಕಿಯ ಹತ್ತಿರ ನಿಂತೇ ಟೀ ಕುಡಿದೆ.

ಚಿಗಟ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಕಾದ್ದೇ ಇರಲಿಲ್ಲ. ಮನೆಯಲ್ಲಿ ಹೋಲ್ಡಾನ್ ಇದ್ದಾನೆ.

ಹೋಲ್ಡಾನ್ ನಮ್ಮ ನಾಯಿ. ನಮ್ಮನೆಯವರು ಸರ್ಕಾರಿ ಬಸ್ಸಿನ ಕಂಡಕ್ಟರು. ಒಮ್ಮೆ ಮಿಡಿಗೇಶಿ ಸ್ಟಾಪಿನಲ್ಲಿ ಬಸ್ಸು ಇನ್ನೇನು ಹೊರಡಬೇಕು, ಒಂದು ಮರಿ ಮುಂದಿನ ಚಕ್ರದ ಹತ್ತಿರ ಹೋಗಿ ಕೂತುಬಿಟ್ಟಿತಂತೆ. ಇವರು "ಹೋಲ್ಡಾನ್! ಹೋಲ್ಡಾನ್!" ಎಂದು ಗಂಟಲು ಕಿತ್ತುಹೋಗುವ ಹಾಗೆ ಕೂಗಿದರು. ಬಸ್ಸು ನಿಂತಿತು. ಮರಿ ಮಾತ್ರ ತನ್ನನ್ನೇ ಕರೆದರು ಎಂದುಕೊಂಡು ಬಾಲ ಅಲ್ಲಾಡಿಸುತ್ತಾ ಇವರ ಹತ್ತಿರ ಬಂತು. ಸಂಜೆ ನಮ್ಮ ಮನೆಗೇ ಬಂತು. ಹೆಸರಿಗಾಗಿ ಬೇರೆ ಹುಡುಕಾಟ ಯಾಕೆ? (ಈಗಲೂ ನಾನು ಬೀದಿಯಲ್ಲಿ ನಿಂತು ಇವನನ್ನು ಕರೆದರೆ ಹೋಗುತ್ತಿರುವ ಆಟೋ ನಿಲ್ಲುತ್ತದೆ.)

ಸಂಜೆ ಹೋಲ್ಡಾನನನ್ನು ಹಿತ್ತಿಲಿನಲ್ಲಿ ಮಲಗಿಸಿ, ಹಳೆಯ ಹೇನಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿದೆ. ಕರಿ ಪುಡಿ ಉದುರಿತು. ಮಣ್ಣೇ ಇರಬೇಕು ಎಂದು ಮನಸ್ಸು ಸಮಾಧಾನ ಹೇಳಿತು. ಒದ್ದೆ ಬಿಳಿ ಕಾಗದದ ಮೇಲೆ ಹಾಕಿ ನೋಡಿದೆ. ಪುಡಿಯ ಸುತ್ತ ಕೆಂಪಗೆ ಕಲೆ ಹರಡಿತು. ಮಣ್ಣಲ್ಲ ಅದು, ಚಿಗಟದ ಹಿಕ್ಕೆ. ಹೋಲ್ಡಾನ್‌ನ ರಕ್ತವೇ ಜೀರ್ಣವಾಗಿ ಹೊರಗೆ ಬಂದದ್ದು.

"ನೋಡ್ರೀ, ಚಿಗಟ ಆಗಿದೆ ಇವನಿಗೆ," ಎಂದು ಮನೆಯವರಿಗೆ ಹೇಳಿದೆ.

"ಏನ್ಲಾ, ಟಿಕೆಟ್ ಇಲ್ದೆ ಯಾರ್‍ಯಾರ್ನೆಲ್ಲ ಅತ್ತುಸ್ಕೊಂಡು ಓಡಾಡ್ತಿದ್ದೀಯ ನೀನು?" ಎಂದು ಹೋಲ್ಡಾನನನ್ನು ಗದರಿದರು. ಹೋಲ್ಡಾನ್ ಹಿಂಗಾಲಿನಿಂದ ಕಿವಿ ಕೆರೆದುಕೊಂಡ.

ಡಾಕ್ಟರ ಹತ್ತಿರ ಹೋಗೋಣ ಎಂದೆ. ಇವರು ಕೇಳಬೇಕಲ್ಲ! ಕಂಡಕ್ಟರಿಗೆ ಇಡೀ ಬಸ್ಸೇ ಆಸ್ಪತ್ರೆ. ಒಂದು ಸೀಟಿಗೆ ಒಂದು ಔಷಧಿ. ಮಾರನೆಯ ದಿನದಿಂದ ಟಿಕೆಟ್ ಹರಿಯುತ್ತಲೇ ಕೇಳಲು ಶುರು ಮಾಡಿದರು, "ನಾಯಿಗೆ ಚಿಗಟ ಆದ್ರೆ ಏನ್ ಮಾಡ್ತೀರಾ?"

ಕೊರಟಗೆರೆಯಲ್ಲಿ ಹತ್ತಿದವರೊಬ್ಬರು ಬೇವಿನಸೊಪ್ಪು ಕುದಿಸಿ ಸ್ನಾನ ಮಾಡಿಸಿ ಅಂದರು. ಮಾಡಿಸಿದೆವು. ಹೋಲ್ಡಾನ್ ಘಮಘಮ ಎಂದ. ಚಿಗಟಗಳಿಗೂ ಆ ವಾಸನೆ ಹಿಡಿಸಿದಂತೆ ಕಂಡಿತು, ಒಂದೂ ಮನೆ ಖಾಲಿ ಮಾಡಲಿಲ್ಲ.

ಮಿಡಿಗೇಶಿಯ ಅಜ್ಜಿಯೊಬ್ಬರು ಒಲೆಬೂದಿ ಉಜ್ಜಿ ಅಂದರು. ಗ್ಯಾಸ್ ಸ್ಟೌ ಇರುವ ಮನೆಯಲ್ಲಿ ಬೂದಿ ಎಲ್ಲಿಂದ ತರುವುದು? ಇವರು ಹೋಟೆಲಿನಿಂದ ತಂದರು. ಕಂದು ನಾಯಿ ಬೂದಿ ಬಣ್ಣಕ್ಕೆ ತಿರುಗಿತು. ಸೋಫಾ ಕೂಡ.

ಪಾವಗಡದ ಕಡೆಯವರೊಬ್ಬರು ಚಿಟಿಕೆ ಹೊಡೆದ ಹಾಗೆ ತೆಲುಗಿನಲ್ಲಿ ಹೇಳಿದರಂತೆ: "ಇಲ್ಲಂತಾ ಉಪ್ಪು ಚಲ್ಲಂಡಿ ಸಾರ್, ಒಕ್ಕಟೀ ಉಂಡದು!" ಮನೆಯೆಲ್ಲ ಉಪ್ಪು ಚೆಲ್ಲಿ, ಒಂದೂ ಉಳಿಯಲ್ಲ ಅಂತ. ಇವರು ಚೆಲ್ಲಿಯೇ ಬಿಟ್ಟರು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಹೋಲ್ಡಾನ್ ನೆಲವನ್ನೆಲ್ಲ ನೆಕ್ಕಿ, ಬಕೆಟ್ಟಿನ ನೀರೆಲ್ಲ ಕುಡಿದು, ಕುಡಿದದ್ದನ್ನು ಮನೆಯ ಮೂಲೆಮೂಲೆಗೆ ಹಂಚಿ ಮುಗಿಸಿದ್ದ.

ರಾಯಚರ್ಲಿನ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವವರೊಬ್ಬರು ಮಾತ್ರ ಸ್ವಲ್ಪ ತಿಳಿವಳಿಕೆಯ ಮಾತು ಆಡಿದ್ದರು. "ಆಸಿಗೆ ಬಿಸ್ಲಿಗ್ ಹಾಕಿ ಸಾರ್. ಬಿಸ್ಲಲ್ಲಿ ಕರೆಂಟೇ ತೆಗೀತೀವಿ ನಾವು, ಚಿಗಟ ಯಾವ ಲೆಕ್ಕ!"

ಆದರೆ ಇವರು ಅದನ್ನು ಬಿಟ್ಟು, ಕಡ್ಲೆಕಾಯಿ ಹೊಲಕ್ಕೆ ಹೊಡೆಯುವ ಔಷಧಿಯ ಬಾಟ್ಲಿಯೊಂದನ್ನು ಯಾರಿಂದಲೋ ತಂದರು! "ಒಂದ್ ಮುಚ್ಚಳ ನೀರಿಗ್ ಹಾಕಿ ಒರೆಸಿದ್ರೆ ಸಾಕಂತೆ," ಎಂದರು. ನಾಯಿ ಮೈ ನೆಕ್ಕಿಕೊಳ್ಳುತ್ತದೆ. ಚಿಗಟ ಉಳಿದು ನಾಯಿ ಹೋದರೆ? ಬಾಟ್ಲಿಯನ್ನು ತಂದವರ ಕೈಯಲ್ಲೇ ವಾಪಸ್ ಕಳಿಸಿದೆ.

ಇಷ್ಟು ಗಲಾಟೆಯ ನಡುವೆ ನನಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ನಸೀಮಾ ಬರುತ್ತಿಲ್ಲ.

ನಸೀಮಾ ನಮ್ಮ ಪಕ್ಕದ ಮನೆಯವಳು. ಟೈಲರು. ನನ್ನ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ನಾನು ದಪ್ಪ ಆದರೆ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಅವಳ ಯಜಮಾನರದು ಹುಣಸೆಹಣ್ಣಿನ ವ್ಯಾಪಾರ, ಊರೂರು ಸುತ್ತುತ್ತಾರೆ. ಎರಡು ಮನೆಗೂ ಸೇರಿ ಹಿತ್ತಿಲಿನಲ್ಲಿ ಒಂದೇ ಗೋಡೆ. ಗೋಡೆಯಲ್ಲಿ ಒಂದು ಪುಟ್ಟ ಕಬ್ಬಿಣದ ಗೇಟು. ಸಂಜೆ ನಾನು ಕಾಲೇಜಿನಿಂದ ಬಂದು ಮುಖ ತೊಳೆಯುವಷ್ಟರಲ್ಲಿ ಆ ಗೇಟು ಕಿರ್ ಅನ್ನುತ್ತಿತ್ತು. ಟೀ, ಊರ ಸುದ್ದಿ, ಯಾರ ಮಗಳ ರವಿಕೆಗೆ ಎಷ್ಟು ಆಳದ ಕತ್ತು ಎಂಬ ಗುಟ್ಟು, ಎಲ್ಲ ಆ ಗೇಟಿನಿಂದಲೇ ಬರುತ್ತಿತ್ತು.

ಹೋಲ್ಡಾನ್‌ಗೆ ಅವಳೆಂದರೆ ಪ್ರಾಣ. ಅವಳಿಗೂ ಅಷ್ಟೇ. ಆದರೆ ನಾಯಿ ನೆಕ್ಕಿದರೆ ನಮಾಜಿಗೆ ಮುಂಚೆ ಬಟ್ಟೆ ಬದಲಾಯಿಸಿ ತೊಳೆದುಕೊಳ್ಳಬೇಕು. ಅದಕ್ಕೇ ಇಬ್ಬರಲ್ಲೂ ಒಂದು ಒಪ್ಪಂದ. ಅವಳು ಕಟ್ಟೆಯ ಮೇಲೆ, ಇವನು ದೂರದ ಕರಿಬೇವಿನ ಗಿಡದ ಬುಡದಲ್ಲಿ. "ಅಲ್ಲೇ ಕೂತ್ಕೊ ರಾಜಾ, ಅಲ್ಲಿಂದ್ಲೇ ಮಾತಾಡ್ಸು," ಎಂದು ಅವಳು ಮೂಳೆ ಎಸೆಯುತ್ತಿದ್ದಳು. ಇವನು ಅಲ್ಲಿಂದಲೇ ಬಾಲದಲ್ಲಿ ಮಾತಾಡುತ್ತಿದ್ದ.

ಅಂಥ ನಸೀಮಾ ಬರಲಿಲ್ಲ. ಒಂದು ದಿನ ಬರದಿದ್ದರೆ ಕೆಲಸ ಅಂದುಕೊಳ್ಳಬಹುದು. ದಿನದಿನವೂ ಬರಲಿಲ್ಲ. ಹೋಗಿ ನೋಡಿದರೆ ಗೇಟಿಗೆ ಅವಳ ಕಡೆಯಿಂದ ಚಿಲಕ! ಆ ಗೇಟಿಗೆ ಚಿಲಕ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಫೋನ್ ಮಾಡಿದೆ. "ಸ್ವಲ್ಪ ಕೆಲಸ ಜಾಸ್ತಿ ಅಕ್ಕ," ಎಂದಳು. ಸ್ವರ ಬೇರೆ ಇತ್ತು. ಗೋಡೆಯ ಮೇಲಿಂದ ಕರೆದೆ. ಮಿಷನ್ನಿನ ಸದ್ದು ನಿಂತಿತು, ಉತ್ತರ ಬರಲಿಲ್ಲ. ಆಮೇಲೆ ಮತ್ತೆ ಮಿಷನ್ ಓಡಿತು.

ಈಗ ನೀವೇ ಹೇಳಿ, ನಾನು ಏನು ಯೋಚಿಸಬೇಕು?

ಮನಸ್ಸಿಗೆ ಹಾಳು ಯೋಚನೆ ಬರುವುದಕ್ಕೆ ಗೇಟು ಬೇಕಾ, ಚಿಲಕ ಬೇಕಾ? ಮೊದಲು ನಾನು ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಏನೂ ಸಿಗಲಿಲ್ಲ. ಆಮೇಲೆ ಅವಳು ಆಡಿದ್ದನ್ನು ತೆಗೆದೆ. ಅಲ್ಲೂ ಏನೂ ಇಲ್ಲ. ಸ್ಟಾಫ್‌ರೂಮಿನಲ್ಲಿ ಗೆಳತಿಯೊಬ್ಬರ ಹತ್ತಿರ ಬಾಯಿಬಿಟ್ಟೆ. ಅವರು ಟಿಫನ್ ಬಾಕ್ಸ್ ಮುಚ್ಚುತ್ತಾ, "ಈಗಿನ ಕಾಲ ಗೊತ್ತಲ್ಲ ಗಿರಿಜಾ. ಯಾರೋ ಏನೋ ತಲೆಗೆ ತುಂಬಿರ್ತಾರೆ," ಎಂದರು. ಅಷ್ಟೇ. ಯಾರೋ ಅಂದರೆ ಯಾರು? ಏನೋ ಅಂದರೆ ಏನು? ಅವರು ಹೇಳಲಿಲ್ಲ. ಹೇಳದೆ ಬಿಟ್ಟ ಜಾಗವನ್ನು ತುಂಬುವ ಕೆಲಸ ನನ್ನದಾಯಿತು. ದಾರಿಯುದ್ದಕ್ಕೂ ತುಂಬಿದೆ. ನಾಯಿ ಸಾಕಿರುವವರ ಮನೆಯಲ್ಲಿ ಟೀ ಕುಡಿಯಬೇಡ ಅಂತ ಯಾರಾದರೂ ಹೇಳಿದರಾ? ಅವಳ ನೆಂಟರಾ? ಇಲ್ಲ, ನಮ್ಮವರೇ ಯಾರಾದರೂ ಅವಳಿಗೆ ಚುಚ್ಚಿದರಾ?

ಆ ವಾರವೇ ಹಬ್ಬ. ಕಾಯಿಹೋಳಿಗೆ ಮಾಡಿದೆ. ಹೋಳಿಗೆ ಹಂಚಿನಿಂದ ಇಳಿದರೆ ಮೊದಲ ನಾಲ್ಕು ಯಾವಾಗಲೂ ನಸೀಮಾಳ ಡಬ್ಬಿಗೆ. ಡಬ್ಬಿ ತುಂಬಿಸಿಕೊಂಡು ಗೇಟಿನ ತನಕ ಹೋದೆ. ಚಿಲಕ ನೋಡಿದೆ. ಬೇಡ ಅಂದವರಿಗೆ ಯಾಕೆ ಬಲವಂತ ಎನ್ನಿಸಿತು. ಡಬ್ಬಿಯ ಸಮೇತ ವಾಪಸ್ ಬಂದೆ.

"ಯಾಕೆ, ಅವ್ರಿಲ್ವಾ?" ಮನೆಯವರು ಕೇಳಿದರು.

"ಇದ್ದಾಳೆ. ನಾನೇ ಕೊಡ್ಲಿಲ್ಲ."

"ಏನಾಯ್ತು ಅಂತ ಕೇಳ್ದ್ಯಾ?"

"ಕೇಳೋದೇನಿದೆ? ಗೊತ್ತಾಗಲ್ವಾ?"

"ಎಲ್ಲಿಗೆ ಅಂತ ಬಾಯ್‌ಬಿಟ್ಟು ಕೇಳಿದ್ರೆ ತಾನೆ ಗೊತ್ತಾಗೋದು? ಮೊಕ ನೋಡಿ ಟಿಕೆಟ್ ಅರಿಯಾಕಾಯ್ತದಾ?" ಎಂದು ಅವರು ಹೋಳಿಗೆಗೆ ತುಪ್ಪ ಹಾಕಿಕೊಂಡರು. ಆ ನಾಲ್ಕನ್ನೂ ಅವರೇ ತಿಂದರು. ನಾನು ಖಾಲಿ ಡಬ್ಬಿ ತೊಳೆದಿಟ್ಟೆ.

ಇತ್ತ ಹೋಲ್ಡಾನ್ ಕೆರೆದು ಕೆರೆದು ಬಾಲದ ಬುಡದ ಕೂದಲು ಉದುರಿಸಿಕೊಂಡಿದ್ದ. ನಮ್ಮಿಬ್ಬರ ಕಾಲ ಗಂಟಿನ ಸುತ್ತ ಕೆಂಪು ಗಂದೆ. ಕೊನೆಗೆ ಬಸ್ಸಿನ ವೈದ್ಯರನ್ನೆಲ್ಲ ಕೈಬಿಟ್ಟು ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಹೆಂಗಸು, ಮಾತು ಚುರುಕು. ಹೋಲ್ಡಾನ್‌ನ ಹೊಟ್ಟೆ ತಿರುಗಿಸಿ ನೋಡಿದರು.

"ಇವನ ಮೈ ಮೇಲೆ ಕಾಣೋದು ಸ್ವಲ್ಪ ಮೇಡಂ. ಮಿಕ್ಕಿದ್ದೆಲ್ಲ ನಿಮ್ಮ ಮನೇಲಿದೆ."

"ಮನೇಲಿ?"

"ಮೊಟ್ಟೆ ಇಡೋದು ನಾಯಿ ಮೇಲೆ. ನಾಯಿ ಮೈ ಕೊಡವಿದ ಕಡೆಯೆಲ್ಲ ಉದುರುತ್ತೆ. ಹಾಸಿಗೆ, ಕಾಲೊರೆಸೋ ಮ್ಯಾಟ್, ಸೋಫಾ ಸಂದಿ, ನೆಲದ ಬಿರುಕು. ಅಲ್ಲೇ ಮರಿಯಾಗಿ ಗೂಡು ಕಟ್ಟಿಕೊಂಡು ಕೂತಿರುತ್ತೆ. ನಾಯಿಗೆ ಮಾತ್ರ ಔಷಧಿ ಹಾಕಿದ್ರೆ ಮನೆಯಿಂದ ಹೊಸದು ಹತ್ತುತ್ತೆ. ಮನೆಗೆ ಮಾತ್ರ ಹಾಕಿದ್ರೆ ನಾಯಿಯಿಂದ ಉದುರುತ್ತೆ. ಎರಡೂ ಒಟ್ಟಿಗೆ ಆಗ್ಬೇಕು."

ಮೊಟ್ಟೆ, ಲಾರ್ವಾ, ಪ್ಯೂಪಾ. ಅದೇ ಬಾಣಗಳು. ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ! ಅವು ನನ್ನ ಸೋಫಾದಲ್ಲಿ ಇರಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

ಅವನ ತೂಕ ನೋಡಿ, ಕತ್ತಿನ ಹಿಂದೆ ಹಾಕುವ ಹನಿ ಔಷಧಿ ಕೊಟ್ಟರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಪಕ್ಕದ ಮನೇಲಿ ಬೆಕ್ಕು, ನಾಯಿ ಏನಾದ್ರೂ ಇದೆಯಾ?"

ಇತ್ತು. ನಸೀಮಾಳ ಬೆಕ್ಕು, ಬಾಬಿನ್ (ಹೊಲಿಗೆ ಮಿಷನ್ನಿನಲ್ಲಿ ಕೆಳಗಿನ ದಾರ ಸುತ್ತುವ ಗಾಲಿ). ಟೈಲರ್ ಮನೆಯ ಬೆಕ್ಕಿಗೆ ಇನ್ನೇನು ಹೆಸರಿಡುತ್ತಾರೆ? ದಿನವಿಡೀ ಆ ಗೋಡೆಯ ಮೇಲೇ ಇರುತ್ತದೆ, ಹೋಲ್ಡಾನನನ್ನು ಮೇಲಿಂದ ನೋಡಿಕೊಂಡು.

"ಹಾಗಾದ್ರೆ ಅವರಿಗೂ ಹೇಳಿ. ಅವರೂ ಅದೇ ಹೊತ್ತಿಗೆ ಮಾಡ್ಬೇಕು. ಇಲ್ದಿದ್ರೆ ನೀವು ಈ ಕಡೆ ಓಡಿಸ್ತೀರಿ, ಆ ಕಡೆಯಿಂದ ಬರುತ್ತೆ."

ನೋಡಿದಿರಾ ನನ್ನ ಫಜೀತಿ! ಮಾತು ಬಿಟ್ಟಿರುವ ಮನೆಗೆ ಹೋಗಿ ನಾನೇನು ಹೇಳಬೇಕು? "ಚೆನ್ನಾಗಿದ್ದೀಯಾ ನಸೀಮಾ? ನಿಮ್ಮನೇಲಿ ಚಿಗಟ ಇರ್ಬೇಕು" ಅಂತಲಾ? ಮೊದಲೇ ಮುನಿಸಿಕೊಂಡಿದ್ದಾಳೆ. ಈಗ ಮನೆ ಗಲೀಜು ಅಂದ ಹಾಗಾದರೆ ಮುಗಿಯಿತು ಕಥೆ. ಹೇಳದಿದ್ದರೆ ಹೋಲ್ಡಾನ್‌ಗೆ ಬಿಡುಗಡೆ ಇಲ್ಲ.

ಶನಿವಾರ ಸಂಜೆ ಹೊರಟೆ. ಗೇಟಿಗೆ ಚಿಲಕ ಹಾಕಿತ್ತಲ್ಲ, ಅದಕ್ಕೇ ಬೀದಿಗೆ ಇಳಿದು, ಸುತ್ತಿಕೊಂಡು, ಮುಂದಿನ ಬಾಗಿಲಿಗೆ ಹೋದೆ. ಇಷ್ಟು ವರ್ಷದಲ್ಲಿ ಅವಳ ಮನೆಯ ಕಾಲಿಂಗ್ ಬೆಲ್ ಹೇಗೆ ಹೊಡೆಯುತ್ತದೆ ಅಂತ ನಾನು ಕೇಳಿಯೇ ಇರಲಿಲ್ಲ.

ವರಾಂಡ ನೋಡಿ ಆಶ್ಚರ್ಯವಾಯಿತು. ಒಳಗಿನ ಕೋಣೆಯಲ್ಲಿರಬೇಕಾದ ಹೊಲಿಗೆ ಮಿಷನ್ ಹೊರಗೆ ಬಂದಿದೆ. ಅದರ ಕೆಳಗೆ ಬಿಳಿ ದುಪ್ಪಟಿ ಹಾಸಿದೆ. ತೊಲೆಗೆ ಕಟ್ಟಿದ ತಂತಿಯಲ್ಲಿ ರೇಷ್ಮೆ ರವಿಕೆಗಳು, ಒಂದೊಂದೂ ಪ್ಲಾಸ್ಟಿಕ್ ಕವರಿನೊಳಗೆ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿದು, ನೇತಾಡುತ್ತಿವೆ.

ನಸೀಮಾ ಬಾಗಿಲು ತೆರೆದಳು. ಕತ್ತಿನಲ್ಲಿ ಟೇಪು. ನನ್ನನ್ನು ನೋಡಿ ಮುಖ ಇಳಿಯಿತು. ಎರಡೂ ಕೈ ಬಾಗಿಲಿಗೆ ಅಡ್ಡ ಇಟ್ಟಳು.

"ಒಳಗೆ ಬರ್ಬೇಡಿ ಅಕ್ಕ."

ಆ ಮಾತು ಎದೆಗೆ ಬಡಿಯಿತು. ಎಷ್ಟೇ ಮುನಿಸಿರಲಿ, ಹೊಸಿಲಿನಲ್ಲಿ ತಡೆದು ನಿಲ್ಲಿಸುತ್ತಾಳೆ ಅಂದುಕೊಂಡಿರಲಿಲ್ಲ. ಕಣ್ಣು ತುಂಬಿ ಬಂತು.

"ಆಯ್ತಮ್ಮ, ಬರಲ್ಲ," ಎಂದೆ. "ಒಂದು ಮಾತು ಹೇಳಿ ಹೋಗ್ತೀನಿ ಅಷ್ಟೆ. ನಾನು ಏನು ತಪ್ಪು ಮಾಡಿದೆ ಅಂತ ನಂಗೊತ್ತಿಲ್ಲ…"

ಮಾತು ಅಲ್ಲಿಗೇ ನಿಂತಿತು. ಏಕೆಂದರೆ ನನ್ನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಮೇಲೆ ಮುಖ ಗಂಭೀರವಾಗಿದೆ. ಕೆಳಗೆ ಬಲಗಾಲು ಕೊಕ್ಕರೆಯ ಹಾಗೆ ಎದ್ದು ಎಡಗಾಲಿನ ಮೀನಖಂಡವನ್ನು ಪರಪರ ಕೆರೆಯುತ್ತಿದೆ.

"ನಸೀಮಾ, ನಿಂಗೂ ಕಚ್ತಾ?"

ಕಾಲು ನಿಂತಿತು. ನನ್ನನ್ನೇ ನೋಡಿದಳು.

"'ನಿಂಗೂ' ಅಂದ್ರೆ?"

"ನಂಗೂ ಅಂತ."

ನಾನು ಸೀರೆ ಸ್ವಲ್ಪ ಎತ್ತಿ ಕಾಲ ಗಂಟು ತೋರಿಸಿದೆ. ಅವಳು ಸಲ್ವಾರ್ ಎತ್ತಿ ತನ್ನದು ತೋರಿಸಿದಳು. ನಟ್ಟನಡುಬೀದಿಗೆ ಕಾಣುವ ವರಾಂಡದಲ್ಲಿ ಇಬ್ಬರು ನಡುವಯಸ್ಸಿನ ಹೆಂಗಸರು ಕಾಲಿಗೆ ಕಾಲು ಹೋಲಿಸಿಕೊಂಡು ನಿಂತೆವು. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಪೇಪರ್ ಕೆಳಗಿಳಿಸಿ ನೋಡಿದರು, ಮತ್ತೆ ಮೇಲೇರಿಸಿದರು.

"ಯಾ ಅಲ್ಲಾ! ನಾನೇ ಅಂಟ್ಸಿಬುಟ್ಟೆ ಅಕ್ಕ ನಿಮ್ಗೆ!" ಎಂದು ನಸೀಮಾ ಬಾಯಿಗೆ ಕೈ ಇಟ್ಟುಕೊಂಡಳು.

"ನೀನಾ? ನಮ್ಮ ಹೋಲ್ಡಾನ್ ಕಣೇ ಅಂಟಿಸಿದ್ದು!"

"ಇಲ್ಲಕ್ಕ, ಬಾಬಿನ್‌ದೇ ಇದು. ಕಟ್‌ಪೀಸ್ ಮೂಟೆ ಒಳಗೆ ಮರಿ ಹಾಕ್ಬುಟ್ಟೈತೆ. ಆ ಮೂಟೆ ತುಂಬ ಚಿಗಟ. ಬಾಬಿನ್ನು ಅದ್ನೇ ಮೈಮೇಲೆ ಹಾಕ್ಕೊಂಡು ನಿಮ್ ಗೋಡೆ ಮೇಲೆ ಹೋಗಿ ಕೂತ್ಕೊಳ್ತದಲ್ಲ."

"ಹೋಲ್ಡಾನ್ ಊರಿನ ಬೀದಿಯೆಲ್ಲ ಸುತ್ತುತ್ತಾನೆ ಕಣೇ. ಅವನೇ ತಂದದ್ದು."

ಪಕ್ಕಪಕ್ಕದ ಮನೆಯವರು ತಪ್ಪು ನಂದು, ಇಲ್ಲ ನಂದು ಎಂದು ಹೀಗೆ ಜಗಳವಾಡಿದ್ದನ್ನು ನಮ್ಮ ಬೀದಿ ಹಿಂದೆ ಕಂಡಿರಲಿಕ್ಕಿಲ್ಲ.

"ಅದಕ್ಕೇ ಗೇಟು ಹಾಕ್ದ್ಯಾ?" ಎಂದು ಕೇಳಿದೆ.

"ಮತ್ತಿನ್ನೇನ್ ಮಾಡ್ಲಿ ಅಕ್ಕ? ನಿಮ್ ಮನೆ ಎಷ್ಟ್ ಕ್ಲೀನು. ನಾನ್ ಬಂದು ಕೂತ್ಕೊಂಡು ಎದ್ದೋದ್ರೆ ಅಲ್ಲಿ ನಾಕು ಬುಟ್ಟು ಬರ್ತೀನಿ. ಹೇಳಾಣ ಅಂದ್ರೆ ನಾಚ್ಕೆ. ಮದ್ವೆ ಬ್ಲೌಸ್ ಬೇರೆ ಒಪ್ಕೊಂಡಿದ್ದೀನಿ, ಗೌಡಗೆರೆಯೋರದು. ಚಿಗಟ ಅಂತ ಯಾರ್ ಕಿವಿಗಾದ್ರೂ ಬಿದ್ರೆ ನಂಗೆ ಯಾರ್ ಬಟ್ಟೆ ಕೊಡ್ತಾರೆ? ಉಂಗ್ರ ಹಾಕೋ ಟೈಮಲ್ಲಿ ಹುಡ್ಗಿ ರವಿಕೆಯಿಂದ ಅದು ಎಗರ್ಬುಟ್ರೆ?" ಎಂದಳು. ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು. "ಹಬ್ಬಕ್ಕೆ ಹೋಳ್ಗೆ ಬರ್ಲಿಲ್ವಲ್ಲ, ಆವಾಗ ಅಂದ್ಕೊಂಡೆ, ಅಕ್ಕಂಗೆ ಗೊತ್ತಾಗೋಯ್ತು, ಅಸಹ್ಯ ಪಟ್ಕೊಂಡ್ರು ಅಂತ."

ನಾನು ಏನೇನು ಅಂದುಕೊಂಡಿದ್ದೆ ಎಂದು ಹೇಳಬೇಕಾಗಿ ಬಂತು. ಯಾರೋ ಏನೋ ತಲೆಗೆ ತುಂಬಿದ್ದಾರೆ ಅಂದುಕೊಂಡೆ ಎಂದೆ. ಅವಳು ಅಳು ನಿಲ್ಲಿಸಿ ಕೇಳಿದಳು.

"ಯಾರು?"

"ಯಾರೋ."

"ಏನು?"

"ಏನೋ."

ನಸೀಮಾ ಕಣ್ಣೊರೆಸಿಕೊಂಡು, "ಚಿಗಟಾನೇ ವಾಸಿ ಅಲ್ವಾ ಅಕ್ಕ? ಹುಡುಕಿದ್ರೆ ಕೈಗಾದ್ರೂ ಸಿಗ್ತದೆ," ಎಂದಳು. ಇಬ್ಬರಿಗೂ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಮೇಷ್ಟ್ರು ಈ ಸಲ ಪೇಪರ್ ಮಡಚಿಕೊಂಡು ಒಳಗೇ ಹೋದರು.

ಮಾರನೆಯ ದಿನ ಭಾನುವಾರ. ಗೇಟಿನ ಚಿಲಕ ಬೆಳಿಗ್ಗೆಯೇ ಕಳಚಿತು.

ಆವತ್ತು ನಮ್ಮ ಎರಡೂ ಮನೆ ಮಗುಚಿ ಹಾಕಿದ ಹಾಗಿತ್ತು. ಹಾಸಿಗೆ, ದಿಂಬು, ಸೋಫಾದ ಕುಶನ್ನು, ಎಲ್ಲ ಬೀದಿಗೆ. ಶಿರಾದ ಬಿಸಿಲು ಇದಕ್ಕಾದರೂ ಉಪಯೋಗಕ್ಕೆ ಬರಬೇಕಲ್ಲ! ಹೋಲ್ಡಾನ್ ಮಲಗುವ ಗೋಣಿ, ಕಾಲೊರೆಸುವ ಮ್ಯಾಟುಗಳು, ಬೆಡ್‌ಶೀಟುಗಳು ಕುದಿಯುವ ನೀರಿಗೆ. ಮೂಲೆಮೂಲೆ ಗುಡಿಸಿ, ಬಂದ ಕಸವನ್ನು ಕವರಿಗೆ ಕಟ್ಟಿ ಆಗಿಂದಾಗಲೇ ಹೊರಗೆ. ಬಾಬಿನ್‌ಗೂ ಅವಳ ಮರಿಗಳಿಗೂ ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ ಹೊಸ ಮನೆಯಾಯಿತು. ಕಟ್‌ಪೀಸ್ ಮೂಟೆಯನ್ನು ನಮ್ಮನೆಯವರು ಮೂಗು ಮುಚ್ಚಿಕೊಂಡು ಎತ್ತಿ ಸಾಗಿಸಿದರು. "ಮುಂದಕ್ ಓಗಿ, ಮುಂದಕ್ ಓಗಿ, ಒಳಗ್ ಜಾಗ ಐತೆ!" ಎಂದು ಚಿಗಟಗಳಿಗೆ ಹೇಳುತ್ತಾ.

ಹೋಲ್ಡಾನ್‌ನ ಕತ್ತಿಗೆ ಹನಿ ಹಾಕಿ ಮುಗಿಸಿದೆ. ಪೊಟ್ಟಣದಲ್ಲಿ ಇನ್ನೊಂದು ಉಳಿದಿತ್ತು. "ತಗೋ, ಬಾಬಿನ್‌ಗೆ ಹಾಕು," ಎಂದು ಅಭ್ಯಾಸ ಬಲದಿಂದ ನಸೀಮಾಳ ಕೈಗೆ ಕೊಟ್ಟೆ. ಸಕ್ಕರೆ, ಕಾಫಿಪುಡಿ, ಹೆಪ್ಪು, ಯಾವುದನ್ನು ಹಂಚಿಕೊಂಡಿಲ್ಲ ನಾವು? ಅವಳು ಬಿಚ್ಚಲು ಹೊರಟವಳು ಪೊಟ್ಟಣ ತಿರುಗಿಸಿ ನೋಡಿದಳು. "ಅಕ್ಕ, ಇಲ್ಲಿ ಬೆಕ್ಕಿನ್ ಚಿತ್ರಕ್ಕೆ ಗೀಟ್ ಹಾಕವ್ರಲ್ಲ?"

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಅಲ್ಲಿಂದಲೇ ಕೂಗಿದರು. "ಹಾಕ್ಬೇಡಿ! ನಾಯಿ ಔಷಧಿ ಕೆಲವು ಬೆಕ್ಕಿಗೆ ವಿಷ. ಬೆಕ್ಕನ್ನ, ಮರಿಗಳನ್ನ ಕರ್ಕೊಂಡು ಬನ್ನಿ, ಬೇರೆ ಕೊಡ್ತೀನಿ." ಪೊಟ್ಟಣವನ್ನು ನಸೀಮಾಳ ಕೈಯಿಂದ ಕಿತ್ತುಕೊಂಡೆ. ಕಡ್ಲೆಕಾಯಿ ಔಷಧಿಗೆ ಮನೆಯವರ ಮೇಲೆ ರೇಗಿದವಳು ನಾನು! ಮಾರನೆಯ ದಿನ ಬಾಬಿನ್ ಬುಟ್ಟಿಯಲ್ಲಿ ಕೂತು, ಮರಿಗಳ ಸಮೇತ, ದಾರಿಯುದ್ದಕ್ಕೂ ಬೈಯುತ್ತಾ ಆಸ್ಪತ್ರೆಗೆ ಹೋಗಿ ತನ್ನದೇ ಔಷಧಿ ಹಾಕಿಸಿಕೊಂಡು ಬಂದಳು.

ಆ ಭಾನುವಾರ ಮಧ್ಯಾಹ್ನ ಇನ್ನೊಂದು ತಮಾಷೆ. ನಮ್ಮ ಹಾಸಿಗೆಗಳು ಬೀದಿಯಲ್ಲಿ ಮಲಗಿದ್ದವಲ್ಲ, ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಬಂದು ನಿಂತರು.

"ಏನಮ್ಮ, ಮನೆ ಸುಣ್ಣ ಬಣ್ಣವಾ?"

ನಾನು ಏನಾದರೂ ನೆಪ ಹೇಳುತ್ತಿದ್ದೆನೇನೋ. ನಸೀಮಾ ಮುಂದಾದಳು. "ಇಲ್ಲ ಸಾರ್. ಚಿಗಟ."

ಮೇಷ್ಟ್ರು ಆಕಡೆ ಈಕಡೆ ನೋಡಿದರು. ಒಂದು ಹೆಜ್ಜೆ ಹತ್ತಿರ ಬಂದರು. ದನಿ ತಗ್ಗಿಸಿ, "ಪಶು ಆಸ್ಪತ್ರೆ ಡಾಕ್ಟ್ರು ಎಷ್ಟೊತ್ತಿಗೆ ಸಿಗ್ತಾರೆ?" ಎಂದರು.

ಅರ್ಧ ಗಂಟೆಯೊಳಗೆ ಅವರ ಹಾಸಿಗೆಯೂ ಬೀದಿಗೆ ಬಂತು. ಆಮೇಲೆ ಮೂಲೆ ಮನೆಯದು. ನೋಡುತ್ತಾ ನೋಡುತ್ತಾ ಬೀದಿಗೆ ಬೀದಿಯೇ ಹಾಸಿಗೆ ಹಾಸಿಕೊಂಡಿತು. ಇಷ್ಟು ದಿನ ಎಲ್ಲರೂ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಕೆರೆದುಕೊಳ್ಳುತ್ತಿದ್ದರು ಅಂತಾಯಿತು!

ಗೌಡಗೆರೆಯ ರವಿಕೆಗಳನ್ನು ನಾವಿಬ್ಬರೂ ಕೂತು ಒಂದೊಂದನ್ನೇ ಒಳಹೊರಗೆ ಮಾಡಿ ನೋಡಿದೆವು. ಹೊಲಿಗೆಯ ಸಂದುಗಳಿಗೆ, ಕಂಕುಳ ಮಡಿಕೆಗಳಿಗೆ ಮೇಲೆ ಬಟ್ಟೆ ಹಾಕಿ ಅವಳು ಬಿಸಿ ಇಸ್ತ್ರಿ ಒತ್ತಿದಳು. ಹೇಳಿದ ದಿನಕ್ಕೆ ಕೊಟ್ಟಳು. ಮದುವೆ ಚೆನ್ನಾಗಿ ನಡೆಯಿತು. ಮದುವಣಗಿತ್ತಿ ಎಲ್ಲೂ ಕೆರೆದುಕೊಳ್ಳಲಿಲ್ಲವಂತೆ. (ಹೋಗಿ ಬಂದವರನ್ನು ಹಿಡಿದು ಖಾತ್ರಿ ಮಾಡಿಕೊಂಡಿದ್ದೇವೆ.)

ಇಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ. ಎರಡು ವಾರ ಕಳೆಯುವಷ್ಟರಲ್ಲಿ ನನ್ನ ಕಾಲಿಗೆ ಮತ್ತೆ ಚುರುಕ್ ಎಂದಿತು. ಗೋಡೆಯ ಆಚೆಯಿಂದಲೂ "ಅಕ್ಕಾ!" ಎಂಬ ಆರ್ತನಾದ ಕೇಳಿತು. ಇಬ್ಬರೂ ಮುಖ ಸಣ್ಣ ಮಾಡಿಕೊಂಡು ಡಾಕ್ಟರ ಹತ್ತಿರ ಹೋದೆವು. ಅವರಿಗೆ ಗಾಬರಿಯೇ ಇಲ್ಲ.

"ಗೂಡಿನಲ್ಲಿ ಇದ್ದವು ಈಗ ಹೊರಗೆ ಬರ್ತಿವೆ. ಗೂಡಿನ ಒಳಗೆ ಔಷಧಿ ಹೋಗಲ್ಲ. ನೀವೇ ಪಾಠ ಮಾಡ್ತೀರಂತಲ್ಲ ಮೇಡಂ?"

ಮಾಡುತ್ತೇನೆ. ಏನು ಮಾಡಲಿ, ಪರೀಕ್ಷೆಯಲ್ಲಿ ಆ ಪ್ರಶ್ನೆ ಬರುವುದಿಲ್ಲ!

"ದಿನಾ ಗುಡಿಸಿ. ವಾರಕ್ಕೊಮ್ಮೆ ಅವುಗಳ ಹಾಸಿಗೆ ಬಿಸಿನೀರಿಗೆ ಹಾಕಿ. ತಿಂಗಳ ಔಷಧಿ ತಪ್ಪಿಸ್ಬೇಡಿ. ಒಂದೇ ದಿನಕ್ಕೆ ಹೋಗಲ್ಲ, ಬಿಡದೆ ಮಾಡಿದ್ರೆ ಹೋಗ್ದೆ ಇರಲ್ಲ," ಎಂದರು. ಹಾಗೇ ಆಯಿತು. ಮೊದಲು ಕಡಿಮೆ ಆದವು. ಆಮೇಲೆ ಅಪರೂಪವಾದವು. ಆಮೇಲೆ ಇಲ್ಲವೇ ಇಲ್ಲ. ಹೋಲ್ಡಾನ್‌ನ ಬಾಲದ ಬುಡದಲ್ಲಿ ಹೊಸ ಕೂದಲು ಬಂದಿದೆ. ನನ್ನ ಕ್ಲಾಸಿನಲ್ಲಿ ಕೀಟಗಳ ಪಾಠವೂ ಕೊನೆಗೆ ಮುಗಿಯಿತು. ಚಿಗಟದ ಬಗ್ಗೆ ಈ ಸಲ ಎಂದಿಗಿಂತ ವಿವರವಾಗಿ ಹೇಳಿದೆ. "ಅನುಭವ ಇದ್ದಂಗೆ ಹೇಳ್ತೀರಿ ಮಿಸ್," ಎಂದಳು ಮುಂದಿನ ಬೆಂಚಿನವಳು.

ಇದನ್ನೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಆವತ್ತು ಡಾಕ್ಟರು ಆ ಒಂದು ಪ್ರಶ್ನೆ ಕೇಳದಿದ್ದರೆ ನಾನು ನಸೀಮಾಳ ಬಾಗಿಲಿಗೆ ಹೋಗುತ್ತಿರಲಿಲ್ಲ. ಅವಳೂ ಬರುತ್ತಿರಲಿಲ್ಲ. ಹೊರಗಿನವರು ಕೇಳಿದರೆ ಇಬ್ಬರ ಹತ್ತಿರವೂ ಬೇಕಾದಷ್ಟು ಕಾರಣಗಳಿರುತ್ತಿದ್ದವು. ಕಾಲ ಸರಿಯಿಲ್ಲ, ಜನ ಸರಿಯಿಲ್ಲ, ಮೊದಲಿನ ಹಾಗಿಲ್ಲ. ಕೇಳಿದವರೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ನಿಮ್ಮ ಬೀದಿಯಲ್ಲೂ ಯಾರೋ ನಿಮ್ಮ ಜೊತೆ ಮಾತು ಬಿಟ್ಟಿರಬಹುದು. ಒಮ್ಮೆ ಹೋಗಿ ಬಾಗಿಲು ತಟ್ಟಿ, ಏನಾಯಿತು ಅಂತ ಕೇಳಿಬಿಡಿ. ಹೆಚ್ಚೆಂದರೆ ಏನಾದೀತು, ನಾಲ್ಕು ಚಿಗಟ ಹತ್ತಬಹುದು, ಅಷ್ಟೇ ತಾನೆ?